ಹೊಸ ಕಾಗದಕ್ಕೆ ಹಳೇ ಕಳೆ: ಕಾಫಿಯೋ, ಚೊಗರೋ, ಸ್ಯಾಂಡ್‌ಪೇಪರೋ?

ಕೈಯಿಂದ ಗ್ರೀಟಿಂಗ್ ಕಾರ್ಡ್ ಮಾಡುವವರಿಗೆಲ್ಲ ಒಂದಲ್ಲ ಒಂದು ದಿನ ಈ ಆಸೆ ಬರುತ್ತದೆ. ಕಾಗದ ತೀರಾ ಬೆಳ್ಳಗೆ, ಅಂಗಡಿಯಿಂದ ಈಗಷ್ಟೇ ತಂದಂತೆ ಕಾಣುತ್ತಿದೆ. ಅಜ್ಜನ ಟ್ರಂಕಿನಲ್ಲಿ ಸಿಕ್ಕ ಪತ್ರದ ಹಾಗೆ ಅದಕ್ಕೊಂದು ಹಳೇ ಕಳೆ ಬರಬೇಕು. ಆದರೆ ಹೇಗೆ? ಕಾಫಿಯಲ್ಲಿ ಅದ್ದೋದಾ, ಟೀಯಲ್ಲಾ? ಅಂಚು ಸುಡಬೇಕಾ, ಹರಿಯಬೇಕಾ, ಸ್ಯಾಂಡ್‌ಪೇಪರಲ್ಲಿ ಉಜ್ಜಬೇಕಾ? ಇಲ್ಲ, ಆನ್‌ಲೈನಿನಲ್ಲಿ ಸಿಗುವ ದುಬಾರಿ ಇಂಕನ್ನೇ ತರಿಸಿಬಿಡಬೇಕಾ? ಇಲ್ಲಿ ಚಿಕ್ಕಮಗಳೂರಿನಲ್ಲಿ ಕಾರ್ಡ್ ಮಾಡುವ ಗೆಳತಿಯರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ.

ನಾನು ಹೇಳುವುದು ಇಷ್ಟು. ಮಾಡಿದ ದಿನ ಎಲ್ಲವೂ ಚೆನ್ನಾಗೇ ಕಾಣುತ್ತವೆ. ಹಾಗಾಗಿ ನೋಟ ನೋಡಿ ಆರಿಸಬೇಡಿ. ಆ ಕಾರ್ಡ್ ಮುಂದೆ ಏನೇನು ತಡೆದುಕೊಳ್ಳಬೇಕು ಅಂತ ನೋಡಿ ಆರಿಸಿ. ಅದರ ಮೇಲೆ ಪೆನ್ನು ಓಡಬೇಕಾ, ಫೋಟೋ ಅಂಟಿಸಬೇಕಾ, ಅಂಚೆಯಲ್ಲಿ ಹೋಗಬೇಕಾ, ಹತ್ತು ವರ್ಷ ಉಳಿಯಬೇಕಾ?

ಕೆಲಸಕ್ಕೆ ಕೂರುವ ಮುಂಚೆ

ಎಲ್ಲಕ್ಕಿಂತ ಮೊದಲು ಕ್ಯಾಲೆಂಡರ್ ನೋಡಿ. ನಮ್ಮ ಜಿಲ್ಲೆಯಲ್ಲಿ ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೃಂಗೇರಿ, ಕೊಪ್ಪ, ಮೂಡಿಗೆರೆ ಕಡೆ ಒಗೆದ ಬಟ್ಟೆಯೇ ಒಣಗುವುದಿಲ್ಲ. ಇನ್ನು ಕಾಫಿಯಲ್ಲಿ ನೆಂದ ಕಾಗದದ ಪಾಡೇನು? ಮುಟ್ಟಿದರೆ ಒಣಗಿದಂತೆ ಇರುತ್ತದೆ, ಒಳಗೆ ಪಸೆ ಉಳಿದಿರುತ್ತದೆ. ಅದನ್ನು ಹಾಗೇ ಕವರಿಗೆ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಕಡೂರಿನವರಿಗೆ ಇಷ್ಟು ತಾಪತ್ರಯ ಇಲ್ಲ. ಅದು ಬಯಲುಸೀಮೆ, ಮಳೆ ಕಡಿಮೆ, ಜುಲೈಯಲ್ಲೂ ಹಗ್ಗಕ್ಕೆ ನೇತು ಹಾಕಿದ ಹಾಳೆ ಒಣಗುತ್ತದೆ. ಹಾಗಾಗಿ ಎಲ್ಲ ವಿಧಾನಗಳನ್ನೂ ನಾನು ಒದ್ದೆಯದು, ಒಣದು ಅಂತ ಎರಡು ಪಾಲು ಮಾಡಿಕೊಳ್ಳುತ್ತೇನೆ.

ಆಮೇಲೆ ಕಾಗದ. ಜೆರಾಕ್ಸ್ ಕಾಗದ ಸಾಮಾನ್ಯವಾಗಿ 70ರಿಂದ 80 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಹಾಳೆ ಅಷ್ಟು ಗ್ರಾಂ ತೂಗುತ್ತದೆ. ಕಾರ್ಡ್ ಮಡಿಸಿ ನಿಲ್ಲಿಸಲು 200ರಿಂದ 300 ಜಿಎಸ್‌ಎಂ ಬೇಕು. ತೆಳ್ಳಗಿನ ಹಾಳೆ ಬಣ್ಣ ಬೇಗ ಕುಡಿಯುತ್ತದೆ, ಒಣಗುವಾಗ ಚೆಂದವಾಗಿ ಸುಕ್ಕುಗಟ್ಟುತ್ತದೆ, ಆದರೆ ನೆಂದಾಗ ಎತ್ತಿದರೆ ಹರಿದು ಕೈಗೆ ಬರುತ್ತದೆ. ದಪ್ಪ ಹಾಳೆ ಜಾಸ್ತಿ ನೆನೆದರೆ ಪದರ ಬಿಡುತ್ತದೆ. ಇದಕ್ಕೆ ಸುಲಭದ ದಾರಿ ಒಂದಿದೆ. ಕಾರ್ಡಿನ ಬುಡ ದಪ್ಪ ಕಾಗದದ್ದೇ ಇರಲಿ, ಅದನ್ನು ನೆನೆಸಲೇ ಬೇಡಿ. ತೆಳ್ಳಗಿನ ಹಾಳೆಗೆ ಬಣ್ಣ ಕೊಟ್ಟು ಮೇಲೆ ಅಂಟಿಸಿ.

ಕಾರ್ಡ್ ಯಾರಿಗೆ ಹೋಗುತ್ತದೆ ಅನ್ನುವುದನ್ನು ತುಂಬಾ ಜನ ಯೋಚಿಸುವುದಿಲ್ಲ. ಲಗ್ನಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚುವ ಮನೆಗಳು ನಮ್ಮವು. ಅಂಥ ಮನೆಗೆ ಅಂಚು ಕಪ್ಪಗೆ ಸುಟ್ಟ ಕಾರ್ಡ್ ಹೋದರೆ ಅಜ್ಜಿ ಅದನ್ನು ಕೈಯಲ್ಲೂ ಮುಟ್ಟುವುದಿಲ್ಲ. ಮದುವೆ, ಗೃಹಪ್ರವೇಶ, ನಾಮಕರಣಕ್ಕೆ ಸುಡುವ ವಿಧಾನ ಬೇಡವೇ ಬೇಡ. ಹಳೇ ಕಳೆ ಬೇಕಿದ್ದರೆ ಕಂದು, ಕೆಂಗಂದು ಬಣ್ಣದಲ್ಲಿ ತನ್ನಿ.

ಇನ್ನು ಖರ್ಚು. ಒಂದೆರಡು ಕಾರ್ಡಿಗೆ ಯಾವ ವಿಧಾನವೂ ಭಾರವಲ್ಲ. ಐವತ್ತು, ನೂರು ಕಾರ್ಡ್ ಮಾಡುವವರಿಗೆ ದುಡ್ಡಿಗಿಂತ ಒಣಗಿಸುವ ಜಾಗ ಮತ್ತು ಕೈ ಹಿಡಿಯುವ ಹೊತ್ತೇ ಮುಖ್ಯ ಆಗುತ್ತದೆ.

ಕಾಫಿ, ಟೀ

ಕಾಫಿ ನಾಡಿನಲ್ಲಿ ಇದ್ದುಕೊಂಡು ಕಾಫಿಯಿಂದ ಶುರು ಮಾಡದಿದ್ದರೆ ಹೇಗೆ, ಅಲ್ವಾ? ಆದರೆ ಕಾಫಿಯಲ್ಲೂ ಎರಡು ದಾರಿ ಇದೆ, ಅವುಗಳ ಫಲ ಬೇರೆ ಬೇರೆ.

ಇನ್‌ಸ್ಟಂಟ್ ಪುಡಿ ನೀರಿನಲ್ಲಿ ಪೂರ್ತಿ ಕರಗುತ್ತದೆ. ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಸಾಕು. ಬಣ್ಣ ಒಂದೇ ಸಮ ಬರುತ್ತದೆ. ಹಾಳೆ ಇನ್ನೂ ಹಸಿಯಿರುವಾಗ ನಾಲ್ಕು ಹರಳು ಪುಡಿ ಉದುರಿಸಿದರೆ ಅವು ಅಲ್ಲಲ್ಲೇ ಕರಗಿ ಗಾಢ ಚುಕ್ಕೆಗಳಾಗುತ್ತವೆ. ಹಳೇ ಕಾಗದದ ಮೇಲೆ ಕಾಣುವ ಕಲೆಯಂತೆಯೇ ಇರುತ್ತವೆ. ನನಗೆ ಇದು ಬಹಳ ಇಷ್ಟ.

ಫಿಲ್ಟರಿನ ಡಿಕಾಕ್ಷನ್ ಬಳಸಿದರೆ ಬಣ್ಣ ಇನ್ನೂ ಬೆಚ್ಚಗೆ, ಆಳವಾಗಿ ಬರುತ್ತದೆ. ಆದರೆ ಪುಡಿಯ ಪೊಟ್ಟಣ ತಿರುಗಿಸಿ ಚಿಕೋರಿ ಎಷ್ಟಿದೆ ನೋಡಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49 ಪರ್ಸೆಂಟ್‌ವರೆಗೂ ಇರಬಹುದು, ಅದನ್ನು ಪೊಟ್ಟಣದ ಮೇಲೆ ಬರೆದಿರುತ್ತಾರೆ. ಚಿಕೋರಿ ಜಾಸ್ತಿಯಾದಷ್ಟೂ ಬಣ್ಣ ಕಪ್ಪಗಾಗುತ್ತದೆ, ಜೊತೆಗೆ ಹಾಳೆ ಅಂಟಂಟಾಗುತ್ತದೆ. ಮಳೆಗಾಲದಲ್ಲಿ ಆ ಅಂಟು ಇನ್ನಷ್ಟು ಪಸೆ ಎಳೆದುಕೊಳ್ಳುತ್ತದೆ. ಕಾಗದಕ್ಕೆ ಚಿಕೋರಿ ಇಲ್ಲದ ಶುದ್ಧ ಕಾಫಿ ಪುಡಿಯೇ ಒಳ್ಳೆಯದು. ಹೊಸ ಪುಡಿ ಹಾಳು ಮಾಡಬೇಕಿಲ್ಲ. ಬೆಳಿಗ್ಗೆ ಫಿಲ್ಟರಿನಲ್ಲಿ ಉಳಿದ ಗಸಿಗೆ ಮತ್ತೆ ಕುದಿಯುವ ನೀರು ಹಾಕಿ ಇಳಿಸಿದರೆ ತೆಳು ಬಣ್ಣಕ್ಕೆ ಅದೇ ಸಾಕು. ಹಾಲು, ಸಕ್ಕರೆ ಸೇರಿದ್ದನ್ನು ಮಾತ್ರ ಮುಟ್ಟಬೇಡಿ. ಇರುವೆಯೂ ಬರುತ್ತದೆ, ವಾಸನೆಯೂ ಬರುತ್ತದೆ.

ಟೀ ಬಣ್ಣ ತೆಳು, ಹೊಂಬಣ್ಣಕ್ಕೆ ಹತ್ತಿರ. ಕಾಫಿ ಹಾಕಿದ ಹಾಳೆ ಹಳೇ ನಕಾಶೆಯಂತೆ ಕಂಡರೆ ಟೀ ಹಾಕಿದ್ದು ಹಳೇ ಪತ್ರದಂತೆ ಕಾಣುತ್ತದೆ. ಅಕ್ಷರ ಓದಬೇಕಾದ ಕಾರ್ಡಿಗೆ, ಅಂದರೆ ಆಹ್ವಾನಪತ್ರಿಕೆಗೆ, ನನ್ನ ಮತ ಟೀಗೆ. ನಾಲ್ಕೈದು ಚಮಚ ಡಸ್ಟ್ ಟೀ ಹಾಕಿ ಒಂದು ಲೋಟ ನೀರು ಚೆನ್ನಾಗಿ ಕುದಿಸಿ, ಸೋಸಿ, ಆರಿಸಿ. ಕಬ್ಬಿಣದ ಬಾಣಲೆಯಲ್ಲಿ ಕುದಿಸಬೇಡಿ. ಟೀಯಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಬೂದುಗಪ್ಪು ಬಣ್ಣಕ್ಕೆ ತಿರುಗುತ್ತದೆ. ಬೂದು ಛಾಯೆಯೇ ಬೇಕು ಅನ್ನುವವರು ಬೇಕೆಂತಲೇ ಒಂದು ತುಕ್ಕು ಹಿಡಿದ ಮೊಳೆ ಹಾಕಿಟ್ಟುಕೊಳ್ಳಬಹುದು.

ಎರಡರಲ್ಲೂ ಕೆಲಸ ಒಂದೇ ಥರ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಬಣ್ಣದ ನೀರು ಹಾಕಿ, ಹಾಳೆಯನ್ನು ಒಂದು ಕಡೆಯಿಂದ ನಿಧಾನವಾಗಿ ಇಳಿಸಿ. ನಾಲ್ಕೈದು ನಿಮಿಷ ಬಿಟ್ಟು ಎರಡೂ ಮೂಲೆ ಹಿಡಿದು ಎತ್ತಿ. ನೇತು ಹಾಕಿದರೆ ಬಣ್ಣ ಕೆಳಗಿನ ಅಂಚಿಗೆ ಇಳಿದು ಅಲ್ಲೊಂದು ಗಾಢ ಗೆರೆ ನಿಲ್ಲುತ್ತದೆ. ಮಟ್ಟಸವಾಗಿ ಹಾಸಿದರೆ ನೀರು ನಿಂತಲ್ಲೆಲ್ಲ ಮೋಡದಂಥ ಕಲೆ ಆಗುತ್ತದೆ. ಯಾವುದು ಬೇಕೋ ನೋಡಿಕೊಳ್ಳಿ. ಪೂರ್ತಿ ಒಣಗುವ ಮುಂಚೆ ಮೇಲೊಂದು ಹತ್ತಿ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಸೊಟ್ಟ ಹೋಗುತ್ತದೆ, ಪಸೆಯೂ ಹೋಗುತ್ತದೆ.

ಅಕ್ಷರ ಮುದ್ರಿಸುವವರು ಒಂದು ವಿಷಯ ಗಮನಿಸಿ. ಇಂಕ್‌ಜೆಟ್ ಪ್ರಿಂಟರಿನ ಬಣ್ಣ ಸಾಮಾನ್ಯವಾಗಿ ನೀರು ತಾಗಿದರೆ ಹರಡುತ್ತದೆ. ಲೇಸರ್ ಪ್ರಿಂಟ್ ಮತ್ತು ಜೆರಾಕ್ಸ್ ಅಕ್ಷರ ಹರಡುವುದಿಲ್ಲ, ಏಕೆಂದರೆ ಅದು ಬಿಸಿಗೆ ಕರಗಿ ಕಾಗದಕ್ಕೆ ಅಂಟಿಕೊಂಡ ಪುಡಿ. ಹಾಗಾಗಿ ಬಿಳಿ ಹಾಳೆಯ ಮೇಲೆ ಮೊದಲು ಜೆರಾಕ್ಸ್ ಮಾಡಿಸಿ, ಆಮೇಲೆ ಕಾಫಿಯಲ್ಲಿ ಅದ್ದಿ. ತಿರುವುಮುರುವು ಮಾಡಿ ಸುಕ್ಕುಗಟ್ಟಿದ ಹಾಳೆ ತಗೊಂಡು ಹೋದರೆ ಮೆಷಿನ್ನಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅಂಗಡಿಯವರು ಬೇಡ ಅನ್ನುತ್ತಾರೆ. ಇಸ್ತ್ರಿ ಮಾಡುವಾಗ ಅಕ್ಷರದ ಮೇಲೆ ಬಟ್ಟೆ ಇರಲೇಬೇಕು, ಬಿಸಿ ಮಧ್ಯಮಕ್ಕಿಂತ ಹೆಚ್ಚಬಾರದು.

ಕೈಯಲ್ಲೇ ಬರೆಯುವುದಾದರೆ ಹಾಳೆ ಪೂರ್ತಿ ಒಣಗಿದ ಮೇಲೆ ಬಾಲ್ ಪೆನ್ನಲ್ಲಿ ಬರೆಯಿರಿ. ಇಂಕ್ ಪೆನ್ನಿನ ಶಾಯಿ ನೆನೆಸಿದ ಕಾಗದದಲ್ಲಿ ಎಳೆಎಳೆಯಾಗಿ ಹರಡುತ್ತದೆ, ಜೆಲ್ ಪೆನ್ನೂ ಸ್ವಲ್ಪ ಹಾಗೇ.

ಇವುಗಳ ದೊಡ್ಡ ಕೊರತೆ ಹುಳಿ. ಕಾಫಿ, ಟೀ ಎರಡೂ ಆಮ್ಲೀಯ. ವರ್ಷಗಳು ಕಳೆದಂತೆ ಕಾಗದ ಪೆಡಸಾಗುತ್ತದೆ, ಪಕ್ಕದಲ್ಲಿ ಫೋಟೋ ಇದ್ದರೆ ಅದಕ್ಕೂ ಕಲೆ ಹತ್ತಬಹುದು. ಅಪ್ಪ ಅಮ್ಮನ ಹಳೇ ಫೋಟೋ ಅಂಟಿಸುವ ಕಾರ್ಡಿಗೆ ಇವು ಬೇಡ. ಬೇಕೇ ಬೇಕು ಅಂದರೆ ಅಸಲು ಫೋಟೋ ಆಲ್ಬಮ್‌ನಲ್ಲೇ ಇರಲಿ, ಅದರ ಪ್ರತಿ ತೆಗೆಸಿ ಅಂಟಿಸಿ.

ಅಡಿಕೆ ಚೊಗರು

ಬೇರೆ ಊರಿನವರಿಗೆ ಸುಲಭವಾಗಿ ಸಿಗದ, ನಮಗೆ ಮಾತ್ರ ಮನೆಯಂಗಳದಲ್ಲೇ ಸಿಗುವ ಬಣ್ಣ ಇದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಸುಲಿದ ಹಸಿ ಅಡಿಕೆ ಬೇಯಿಸುವಾಗ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ನೀರೇ ಚೊಗರು. ಅಡಿಕೆಗೆ ಬಣ್ಣ, ಹೊಳಪು ಬರಲಿ ಅಂತ ಅದನ್ನೇ ಮತ್ತೆ ಬಳಸುತ್ತಾರೆ. ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ನೆಂಟರ ಮನೆಗೆ ಹೋದರೆ ಒಂದು ಬಾಟಲಿ ಕೇಳಿ ತನ್ನಿ, ಕೊಡದೆ ಇರುವುದಿಲ್ಲ.

ಒಂದು ಪಾಲು ಚೊಗರಿಗೆ ಐದಾರು ಪಾಲು ನೀರು ಬೆರೆಸಿ ಒಂದು ತುಂಡು ಕಾಗದದ ಮೇಲೆ ಪರೀಕ್ಷೆ ಮಾಡಿ, ಆಮೇಲೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಬರುವ ಬಣ್ಣ ಕಾಫಿಯ ಕಂದಿನಂತಲ್ಲ. ಕೆಂಪು ಮಣ್ಣಿನ ಛಾಯೆ ಇರುತ್ತದೆ, ಅದಕ್ಕೆ ಮದುವೆ ಕಾರ್ಡಿಗೆ ಬಹಳ ಒಪ್ಪುತ್ತದೆ. ಮಂದವಾಗಿ ಬ್ರಶ್‌ನಲ್ಲಿ ಅಂಚಿಗೆ ಎಳೆದರೆ ಒಣಗಿದ ಮೇಲೆ ಸ್ವಲ್ಪ ಮಿರುಗುತ್ತದೆ. ಕೈಯಲ್ಲಿ ಮಾಡಿದ ಹತ್ತಿ ಕಾಗದದ ಮೇಲಂತೂ ಒರಟು ಎಳೆಗಳ ನಡುವೆ ಬಣ್ಣ ಇಳಿದು, ಉಬ್ಬಿದಲ್ಲಿ ತಿಳಿ, ತಗ್ಗಿದಲ್ಲಿ ಗಾಢವಾಗಿ ನಿಲ್ಲುತ್ತದೆ. ಅದನ್ನು ಬೆಳಕಿಗೆ ಓರೆ ಹಿಡಿದು ನೋಡಬೇಕು.

ತೊಂದರೆಯೂ ಇದೆ. ಬಟ್ಟೆಗೆ ತಾಗಿದರೆ ಕಲೆ ಹೋಗುವುದೇ ಇಲ್ಲ. ಹಳೇ ಬಟ್ಟೆ ಹಾಕಿಕೊಳ್ಳಿ, ಕೆಳಗೆ ಪೇಪರ್ ಹಾಸಿಕೊಳ್ಳಿ. ಇದರಲ್ಲೂ ಟ್ಯಾನಿನ್ ತುಂಬಾ ಇರುವುದರಿಂದ ಕಬ್ಬಿಣದ ಪಾತ್ರೆ ಬೇಡ. ಮಂದ ಚೊಗರು ಬಳಿದ ಎರಡು ಹಾಳೆ ಪೂರ್ತಿ ಒಣಗದೆ ಒಂದರ ಮೇಲೊಂದು ಕೂತರೆ ಅಂಟಿಕೊಂಡುಬಿಡುತ್ತವೆ. ಪೇಟೆಯಲ್ಲೇ ಇದ್ದು ಅಡಿಕೆ ತೋಟದ ನಂಟಿಲ್ಲದವರು ಇದಕ್ಕಾಗಿ ಅಲೆದಾಡಬೇಕಿಲ್ಲ. ಟೀಗೆ ಚಿಟಿಕೆ ಕೆಂಪು ಜಲವರ್ಣ ಸೇರಿಸಿದರೆ ಹತ್ತಿರದ ಬಣ್ಣ ಬರುತ್ತದೆ.

ಅರಿಶಿನದ ನೀರನ್ನೂ ಕೆಲವರು ಕೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಬಿಸಿಲು ಬೆಳಕಿಗೆ ಬಣ್ಣ ಬೇಗ ಮಾಸುತ್ತದೆ. ಸುಣ್ಣ, ಸೋಪು ತಾಗಿದರೆ ಆರತಿ ನೀರಿನ ಹಾಗೆ ಕೆಂಪಗಾಗುತ್ತದೆ. ಶಾಸ್ತ್ರಕ್ಕೆ ಮೂಲೆಗೆ ಹಚ್ಚುವುದು ಬೇರೆ ಮಾತು.

ನೀರಿಲ್ಲದ ಕೆಲಸ: ಹರಿಯುವುದು, ಉಜ್ಜುವುದು

ಹಳೇ ಕಾಗದ ಮೊದಲು ಹಳತಾಗುವುದು ಅಂಚಿನಲ್ಲಿ, ಮೂಲೆಯಲ್ಲಿ, ಮಡಿಕೆಯಲ್ಲಿ. ಗಾಳಿ ಬೆಳಕು ತಾಗುವುದು, ಕೈ ಹಿಡಿಯುವುದು ಅಲ್ಲೇ. ಒಣ ವಿಧಾನಗಳು ಕೆಲಸ ಮಾಡುವುದೂ ಸರಿಯಾಗಿ ಆ ಜಾಗಗಳಲ್ಲೇ. ಮಧ್ಯದ ಬಿಳಿ ಹಾಳೆ ಹಾಗೇ ಉಳಿಯುವುದರಿಂದ ಬರೆಯಲು ಯಾವ ತೊಂದರೆಯೂ ಇಲ್ಲ. ಮಳೆಗಾಲದಲ್ಲಿ ಮಲೆನಾಡಿನವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ.

ಹರಿಯುವುದಕ್ಕೆ ಕಾಸಿನ ಖರ್ಚಿಲ್ಲ. ಆದರೆ ಮೆಷಿನ್ನಿನಲ್ಲಿ ಮಾಡಿದ ಕಾಗದಕ್ಕೆ ಎಳೆಯ ದಿಕ್ಕು ಇರುತ್ತದೆ. ಒಂದು ದಿಕ್ಕಿನಲ್ಲಿ ಹರಿದರೆ ಸುಮಾರಾಗಿ ನೇರ ಬರುತ್ತದೆ, ಅಡ್ಡಕ್ಕೆ ಹರಿದರೆ ಅಂಕುಡೊಂಕು. ಮೊದಲು ಒಂದು ರದ್ದಿ ತುಂಡಿನಲ್ಲಿ ಎರಡೂ ಕಡೆ ಹರಿದು ನೋಡಿ. ಮೇಲೆ ಮಾತ್ರ ಬಣ್ಣ ಇರುವ ಹಾಳೆಯಾದರೆ ಹರಿದ ಎರಡು ತುಂಡಿನಲ್ಲಿ ಒಂದಕ್ಕೆ ಅಗಲವಾದ ಬಿಳಿ ಅಂಚು ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ. ಯಾವ ಕೈಯನ್ನು ಎಳೆದರೆ ಯಾವುದು ಅಂತ ಒಂದು ಸಲ ಮಾಡಿದರೆ ಗೊತ್ತಾಗುತ್ತದೆ. ಮೆತ್ತನೆಯ, ನಾರುನಾರಾದ ಅಂಚು ಬೇಕಾದರೆ ಒದ್ದೆ ಬ್ರಶ್‌ನಲ್ಲಿ ಒಂದು ಗೆರೆ ಎಳೆದು, ಅದು ಕಾಗದಕ್ಕೆ ಇಳಿದ ಮೇಲೆ ಎರಡೂ ಕಡೆ ನಿಧಾನ ಎಳೆಯಿರಿ. ಅಷ್ಟು ನೀರು ಮಳೆಗಾಲದಲ್ಲೂ ಆರುತ್ತದೆ.

ಸ್ಯಾಂಡ್‌ಪೇಪರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುತ್ತದೆ. ನಂಬರ್ ಜಾಸ್ತಿಯಾದಷ್ಟೂ ನಯ. ಅಂಚಿಗೆ 220, ಮಧ್ಯೆ ಬಣ್ಣ ಸವೆದಂತೆ ಮಾಡಲು 120. 80ರದ್ದು ಮರಕ್ಕೆ ಸರಿ, ಕಾಗದವನ್ನು ಹರಿದುಹಾಕುತ್ತದೆ. ಇದರ ಸೊಗಸು ಕಾಣುವುದು ಬಣ್ಣದ ಕಾಗದದಲ್ಲಿ, ಅದರಲ್ಲೂ ಒಳಗೆ ಬಿಳಿ ಇರುವ ಹಾಳೆಯಲ್ಲಿ. ಹಾಳೆಯನ್ನು ಮಡಿಸಿ ಮಡಿಕೆಯ ಮೇಲೆ ಎರಡು ಸಲ ಉಜ್ಜಿದರೆ ಅಲ್ಲೊಂದು ಬಿಳಿ ಗೆರೆ ಏಳುತ್ತದೆ, ವರ್ಷಗಟ್ಟಲೆ ಜೇಬಿನಲ್ಲಿದ್ದ ಕಾಗದದ ಹಾಗೆ. ಒಳಗೂ ಹೊರಗೂ ಒಂದೇ ಬಣ್ಣದ ಹಾಳೆಯನ್ನು ಎಷ್ಟು ಉಜ್ಜಿದರೂ ಏನೂ ಕಾಣುವುದಿಲ್ಲ. ಕೊಳ್ಳುವಾಗಲೇ ಒಂದು ಮೂಲೆ ಹರಿದ ಸ್ಯಾಂಪಲ್ ಇದ್ದರೆ ನೋಡಿಕೊಳ್ಳಿ.

ಸ್ಯಾಂಡ್‌ಪೇಪರ್ ಇಲ್ಲದಿದ್ದರೆ ತೆರೆದ ಕತ್ತರಿಯ ಅಲಗನ್ನು ಅಂಚಿನುದ್ದಕ್ಕೂ ಕೆರೆಯಬಹುದು. ಅಂಚು ಬಿಚ್ಚಿ ಪುಡಿಪುಡಿಯಾಗುತ್ತದೆ. ಮಕ್ಕಳ ಕೈಗೆ ಮಾತ್ರ ಇದು ಬೇಡ.

ಮುದುರುವುದು ಈ ಎರಡು ಪಾಲಿನ ಮಧ್ಯದ್ದು. ಸ್ಪ್ರೇ ಬಾಟಲಿಯಲ್ಲಿ ತುಸು ನೀರು ಚಿಮುಕಿಸಿ, ಉಂಡೆ ಮಾಡಿ, ಬಿಡಿಸಿ, ಮತ್ತೆ ಮುದುರಿ. ಉಬ್ಬಿದ ಸುಕ್ಕಿನ ಮೇಲೆ ಮಾತ್ರ ಬಣ್ಣ ಉಜ್ಜಿ ಇಸ್ತ್ರಿ ಮಾಡಿದರೆ ಗೆರೆಗಳ ಬಲೆ ನಿಲ್ಲುತ್ತದೆ. 120 ಜಿಎಸ್‌ಎಂವರೆಗಿನ ಹಾಳೆಗೆ ಚೆನ್ನ, ದಪ್ಪ ಹಾಳೆ ಮುರಿದುಹೋಗುತ್ತದೆ.

ಅಂಚಿನ ಬಣ್ಣ: ಇಂಕ್ ಪ್ಯಾಡಾ, ಪೋಸ್ಟರ್ ಕಲರಾ?

ರೇಂಜರ್ ಕಂಪನಿ ಕಾಗದದ ಕರಕುಶಲ ವಿನ್ಯಾಸಕಾರ ಟಿಮ್ ಹೋಲ್ಟ್ಸ್ ಹೆಸರಿನಲ್ಲಿ ಮಾರುವ ಡಿಸ್ಟ್ರೆಸ್ ಇಂಕ್ ಈ ಕೆಲಸಕ್ಕೆಂದೇ ಮಾಡಿದ್ದು. ಮಾಮೂಲಿ ಸ್ಟಾಂಪ್ ಇಂಕಿನಂತೆ ತಕ್ಷಣ ಒಣಗುವುದಿಲ್ಲ, ಹಾಗಾಗಿ ಸ್ಪಂಜಿನಲ್ಲಿ ತಿಕ್ಕಿ ಅಂಚಿನಿಂದ ಒಳಕ್ಕೆ ಮೆಲ್ಲಗೆ ಕರಗಿಸಬಹುದು. ಮೇಲೆ ನೀರು ಹನಿಸಿದರೆ ಬಣ್ಣ ಸರಿದು ಕಲೆಯಾಗುತ್ತದೆ. ‘ವಿಂಟೇಜ್ ಫೋಟೋ’, ‘ವಾಲ್ನಟ್ ಸ್ಟೇನ್’, ‘ಟೀ ಡೈ’ ಎಂಬ ಕಂದು ಛಾಯೆಗಳಿವೆ. ಒಂದೇ ಕೊಳ್ಳುವುದಾದರೆ ‘ವಿಂಟೇಜ್ ಫೋಟೋ’ ಸಾಕು. ನೀರು ತಾಗಿದರೆ ಸರಿಯುವ ಗುಣ ಅಂಚೆಯಲ್ಲಿ ಹೋಗುವ ಕಾರ್ಡಿಗೆ ಅಪಾಯವೂ ಹೌದು. ಜುಲೈಯಲ್ಲಿ ಕಳಿಸುವುದಾದರೆ ಪ್ಲಾಸ್ಟಿಕ್ ಕವರಿನ ಒಳಗಿಟ್ಟೇ ಲಕೋಟೆಗೆ ಹಾಕಿ.

ಬೆಲೆ ಕೆಲವು ನೂರು ರೂಪಾಯಿ, ಆನ್‌ಲೈನಿನಲ್ಲಿ ತರಿಸಬೇಕು. ವರ್ಷಕ್ಕೆ ಹತ್ತು ಕಾರ್ಡ್ ಮಾಡುವವರಿಗೆ ಇದು ಬೇಕಿಲ್ಲ. ಎಂ.ಜಿ. ರಸ್ತೆಯ ಸ್ಟೇಷನರಿ ಅಂಗಡಿಯಲ್ಲಿ ಆಯಿಲ್ ಪೇಸ್ಟಲ್ ಅಥವಾ ಪೋಸ್ಟರ್ ಕಲರ್ ಕೇಳಿ, ಗಾಢ ಕಂದು ತಗೊಳ್ಳಿ. ಪೋಸ್ಟರ್ ಕಲರಿಗೆ ನೀರು ಸೇರಿಸದೆ ಪಾತ್ರೆ ತಿಕ್ಕುವ ಹೊಸ ಸ್ಪಂಜಿನ ತುಂಡಿಗೆ ತಾಗಿಸಿ, ಜಾಸ್ತಿಯಾದದ್ದನ್ನು ರದ್ದಿ ಕಾಗದಕ್ಕೆ ಒರೆಸಿ, ಆಮೇಲೆ ಅಂಚಿಗೆ ತಟ್ಟಿ. ಇಂಕಿನಷ್ಟು ನಯವಾಗಿ ಕರಗುವುದಿಲ್ಲ. ಹರಿದ ಅಥವಾ ಉಜ್ಜಿದ ಅಂಚಿನ ಮೇಲೆ ಆ ವ್ಯತ್ಯಾಸ ಅಷ್ಟಾಗಿ ಕಾಣುವುದೂ ಇಲ್ಲ. ದಿನಾ ಮಾಡುವವರು, ಮಾರಾಟಕ್ಕೆ ಮಾಡುವವರು ಇಂಕ್ ಪ್ಯಾಡನ್ನೇ ಕೊಳ್ಳಿ. ಇಪ್ಪತ್ತು ಕಾರ್ಡೂ ಒಂದೇ ಥರ ಬರಬೇಕಾದಾಗ ಅದರ ಬೆಲೆ ಸಾರ್ಥಕ.

ಸುಡುವುದು

ನಾಟಕದ ರಾಜಪತ್ರ, ಶಾಲೆಯ ಪ್ರಾಜೆಕ್ಟು ಅಂದರೆ ಎಲ್ಲರಿಗೂ ಹೊಳೆಯುವುದು ಇದೇ. ಮೋಂಬತ್ತಿಗಿಂತ ಊದುಬತ್ತಿ ಒಳ್ಳೆಯದು. ಮೋಂಬತ್ತಿಯ ಉರಿ ಕಾಗದಕ್ಕೆ ಹತ್ತಿಕೊಳ್ಳುತ್ತದೆ, ಮಸಿಯೂ ಹಿಡಿಯುತ್ತದೆ. ಊದುಬತ್ತಿಯ ಕೆಂಡದಿಂದ ಅಂಚನ್ನು ಸ್ವಲ್ಪ ಸ್ವಲ್ಪವೇ ಕೊರೆಯುತ್ತಾ ಹೋಗಬಹುದು. ಫ್ಯಾನ್ ನಿಲ್ಲಿಸಿ, ಸ್ಟೀಲ್ ತಟ್ಟೆಯ ಮೇಲೆ ಮಾಡಿ, ಪಕ್ಕದಲ್ಲಿ ಒದ್ದೆ ಬಟ್ಟೆ ಇರಲಿ. ಪ್ಲಾಸ್ಟಿಕ್ ಹೊದಿಕೆಯ ಮಿರುಗು ಕಾಗದ ಸುಡಬೇಡಿ. ಮಕ್ಕಳಿಗೆ ದೊಡ್ಡವರು ಮಾಡಿಕೊಡಲಿ.

ಸುಟ್ಟ ಅಂಚು ಆಮೇಲೂ ಉದುರುತ್ತಲೇ ಇರುತ್ತದೆ. ಲಕೋಟೆಯ ಒಳಗೆಲ್ಲ ಕರಿ, ತೆಗೆದವರ ಬೆರಳಿಗೂ ಕರಿ. ನೀರು ಬೆರೆಸಿದ ಫೆವಿಕಾಲ್ ತೆಳುವಾಗಿ ಬಳಿದರೆ ಕಡಿಮೆಯಾಗುತ್ತದೆ. ನಾಟಕಕ್ಕೆ, ಮಕ್ಕಳ ನಿಧಿ ಹುಡುಕುವ ಆಟದ ಆಹ್ವಾನಕ್ಕೆ ಚೆನ್ನ. ಮಿಕ್ಕಿದ್ದಕ್ಕೆ ನಾನು ಒಪ್ಪುವುದಿಲ್ಲ.

ಹಾಗಾದರೆ ನಿಮಗೆ ಯಾವುದು?

ಮದುವೆಯ ಆಹ್ವಾನ, ಐವತ್ತರ ಮೇಲೆ: ಜೆರಾಕ್ಸ್ ಅಥವಾ ಲೇಸರ್ ಪ್ರಿಂಟ್ ಮಾಡಿಸಿದ ಹಾಳೆಗೆ ಟೀ, ಅಂಚಿಗೆ ಮಂದ ಚೊಗರು. ಮದುವೆ ಮಳೆಗಾಲದ ಹಿಂದೆ ಮುಂದೆ ಇದ್ದರೆ ಹಾಳೆ ನೆನೆಸುವುದೇ ಬೇಡ, ತಿಳಿ ಕಂದು ಕಾಗದವನ್ನೇ ಕೊಂಡು ಅಂಚು ಹರಿಯಿರಿ.

ನಿವೃತ್ತಿಗೋ, ಅರವತ್ತರ ಶಾಂತಿಗೋ ಫೋಟೋ ಇಟ್ಟು ಮಾಡುವ, ಮನೆಯಲ್ಲಿ ಎತ್ತಿಡುವ ಕಾರ್ಡ್: ಆಸಿಡ್-ಫ್ರೀ, ಅಂದರೆ ಹುಳಿ ಇಲ್ಲದ ಕಾಗದ, ಸ್ಯಾಂಡ್‌ಪೇಪರ್, ಅಂಚಿಗೆ ತುಸು ಇಂಕ್. ಕಾಫಿ ಟೀ ದೂರ ಇರಲಿ.

ಶಾಲೆಯಲ್ಲಿ ಮಕ್ಕಳ ಜೊತೆ ಕೂತು ಮಾಡುವುದಾದರೆ ಗಸಿಯ ಕಾಫಿ ನೀರು ಮತ್ತು ಕೈಯಲ್ಲಿ ಹರಿದ ಅಂಚು. ಖರ್ಚು ಇಲ್ಲವೇ ಇಲ್ಲ, ಕತ್ತರಿ ಬೆಂಕಿಯ ಭಯವೂ ಇಲ್ಲ.

ಅಂಚೆಯಲ್ಲಿ ಕಳಿಸುವವರು ತೂಕ ನೋಡಿಕೊಳ್ಳಿ. 300 ಜಿಎಸ್‌ಎಂನ ಒಂದು ಎ4 ಹಾಳೆಯೇ ಸುಮಾರು 19 ಗ್ರಾಂ. ಸಾದಾ ಪತ್ರದ ಅಂಚೆ ದರದ ಮೊದಲ ಹಂತ 20 ಗ್ರಾಂ. ಲಕೋಟೆ, ಮೇಲೆ ಅಂಟಿಸಿದ ಪದರ ಸೇರಿದರೆ ದಾಟಿಯೇ ದಾಟುತ್ತದೆ. ಅದರ ಅರ್ಧ, ಅಂದರೆ ಎ5 ಹಾಳೆ ಮಡಿಸಿ ಮಾಡಿದರೆ ಪದರಗಳಿಗೆ ಜಾಗ ಸಿಗುತ್ತದೆ.

ಹೋಮ್‌ಸ್ಟೇಗಳಿಗೆ, ಅಂಗಡಿಗಳಿಗೆ ಮಾಡಿಕೊಡುವವರು ಕೆಲಸವನ್ನೇ ಎರಡು ಕಾಲಕ್ಕೆ ಹಂಚಿಕೊಳ್ಳಿ. ಜನವರಿಯಿಂದ ಮಾರ್ಚ್‌ವರೆಗೆ ಬಿಸಿಲು ಚೆನ್ನಾಗಿರುವಾಗ ಕಾಫಿ, ಚೊಗರಿನ ಹಾಳೆಗಳನ್ನು ವರ್ಷಕ್ಕಾಗುವಷ್ಟು ಮಾಡಿ, ಇಸ್ತ್ರಿ ಹಾಕಿ, ನಡುನಡುವೆ ಬಿಳಿ ಕಾಗದ ಇಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಪಸೆ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ಮಳೆ ಹಿಡಿದ ಮೇಲೆ ಬೇಕಾದಷ್ಟೇ ಹಾಳೆ ತೆಗೆದು ಹರಿಯುವುದು, ಉಜ್ಜುವುದು, ಅಂಚಿಗೆ ಇಂಕ್ ಹಚ್ಚುವುದು ಮಾತ್ರ ಮಾಡಿ, ಅವತ್ತೇ ಕವರಿಗೆ ಹಾಕಿ ಕೊಟ್ಟುಬಿಡಿ.